ಉಪ್ಪಿನ ಗಡಿಗೆಯ ತವರು

ಅವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಗದ್ದ ಬೀಳದಂತೆ ತಲೆಗೆ ಸುತ್ತಿದ ಬಿಳಿ ಬಟ್ಟೆ. ಮಧ್ಯಾಹ್ನ ಉಂಡು ಜರಾ ಅಡ್ಡಾಗುತ್ತೇನೆ ಎಂದು ಮಲಗಿದವಳು ಏಳಲಿಲ್ಲ, ಅಷ್ಟೇ. ನಾನು ಸಿಂಧನೂರಿನ ಕಾಲೇಜಿನಿಂದ ಬಸ್ಸು ಹತ್ತಿ ಮಸ್ಕಿಗೆ ಬರುವಷ್ಟರಲ್ಲಿ ಓಣಿಯ ಹೆಂಗಸರು ಸೇರಿ, ಭಜನೆಯವರೂ ಬಂದು ಎಲ್ಲ ತಯಾರಾಗಿತ್ತು. ನನಗೆ ಮಾಡಲು ಏನೂ ಉಳಿದಿರಲಿಲ್ಲ. ಅಳುವುದೊಂದಿತ್ತು, ಅದು ಬರಲಿಲ್ಲ.

ಎಲ್ಲ ತಯಾರಾಗಿದ್ದರೂ ಯಾರೂ ಅವ್ವನನ್ನು ಎತ್ತುತ್ತಿರಲಿಲ್ಲ. ತವರಿನ ಸೀರೆಗೆ ಕಾಯುತ್ತಿದ್ದರು. ನಮ್ಮ ಕಡೆ ಕೊಟ್ಟ ಹೆಣ್ಣು ಎಷ್ಟೇ ಮುಪ್ಪಾಗಿ ಸತ್ತರೂ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಅದಕ್ಕೆ ಒಬ್ಬರು ಖುದ್ದಾಗಿ ಹೋಗಿ ಸುದ್ದಿ ಮುಟ್ಟಿಸಬೇಕು, ಫೋನು ಮಾಡಿದರೆ ನಡೆಯುವುದಿಲ್ಲ. ಹೋದವರು ತವರುಮನೆಯ ಹೊಸ್ತಿಲು ದಾಟುವಂತಿಲ್ಲ, ಕೊಟ್ಟ ನೀರು ಕುಡಿಯುವಂತಿಲ್ಲ. ಹೊರಗೆ ನಿಂತುಕೊಂಡೇ ‘ನಿಮ್ಮ ಮಗಳು ಹೋಗ್ಯಾಳ’ ಎನ್ನಬೇಕು. ಒಳಗಿನವರು ‘ಯಾವಾಗ’ ಎಂದು ಕೇಳಬೇಕು. ಆಮೇಲೆಯೇ ಕಾಲು ತೊಳೆದು ಒಳಗೆ ಹೋಗುವುದು.

“ತವರವ್ರಿಗೆ ಸುದ್ದಿ ಮುಟ್ಟೇತೇನು?” ಎಂದು ಓಣಿಯ ಹಿರಿಯರೊಬ್ಬರು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ನಾನೊಬ್ಬಳೇ ಮಗಳು, ಗೊತ್ತಿರಬೇಕಾದವಳು ನಾನೇ. ನನಗೆ ಗೊತ್ತಿರಲಿಲ್ಲ.

ಅವ್ವನ ತವರು ಯಾವ ಊರು ಎಂಬುದು ನಮ್ಮ ಮನೆಯಲ್ಲಿ ಮಾತಾಡುವ ವಿಷಯವಾಗಿರಲಿಲ್ಲ. ಅಪ್ಪನಿಗೆ ಗೊತ್ತಿದ್ದಿರಬೇಕು, ಅವನು ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಹೋದ. ಅವ್ವನನ್ನು ಕೇಳಿದರೆ “ಹೊಳಿ ಆಚೀಕ” ಎನ್ನುತ್ತಿದ್ದಳು. ನಮ್ಮದು ಎರಡು ಹೊಳೆಗಳ ನಡುವಿನ ಸೀಮೆ. ತೆಂಕಣಕ್ಕೆ ತುಂಗಭದ್ರೆ, ಬಡಗಣಕ್ಕೆ ಕೃಷ್ಣೆ. ಯಾವ ಹೊಳೆ ಎಂದು ಕೇಳಿದರೆ “ನೀರು ಇರೋ ಹೊಳಿ” ಎಂದು ನಗುತ್ತಿದ್ದಳು. ಬಹಳ ಪೀಡಿಸಿದರೆ ಅಡುಗೆಮನೆಯ ಮೂಲೆಯಲ್ಲಿದ್ದ ಉಪ್ಪಿನ ಗಡಿಗೆಯನ್ನು ತೋರಿಸಿ, “ಅಲ್ಲಿಂದ ತಂದದ್ದು ಅದೊಂದೇ. ಅದನ್ನೇ ಕೇಳ್ಕೋ ಹೋಗು” ಎನ್ನುತ್ತಿದ್ದಳು.

ಹಿರಿಯರು ಮತ್ತೊಮ್ಮೆ ಕೇಳುವ ಮೊದಲೇ ಸೋದರತ್ತೆ ಎದ್ದಳು. ಅಪ್ಪನ ಅಕ್ಕ ಅವಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟಳು. ನಾನು ಕಣ್ಣು ಬಿಟ್ಟಾಗಿನಿಂದ ಅವ್ವನೂ ಅವಳೂ ಒಂದೇ ಒಲೆಯ ಮುಂದೆ ಕೂತು ಜಗಳಾಡಿದ್ದಾರೆ. ಅವಳು ಒಳಗೆ ಹೋಗಿ ತನ್ನ ಟ್ರಂಕು ತೆಗೆದು, ಮಡಿಕೆ ಬಿಚ್ಚದ ಒಂದು ಇಳಕಲ್ ಸೀರೆ ತಂದು ಅವ್ವನ ತೊಡೆಯ ಮೇಲೆ ಇಟ್ಟಳು.

“ತವರ ಸೀರಿ ಬಂತು. ಏಳ್ರಿ, ಹೊತ್ತಾತು” ಎಂದಳು.

ಎಲ್ಲರೂ ಎದ್ದರು. ನನಗೆ ಮಾತ್ರ ಮೈ ಉರಿಯಿತು. ಗಂಡನ ಮನೆಯ ಸೀರೆಯನ್ನು ತವರಿನದು ಎಂದು ಹೆಣದ ಮುಂದೆ ಸುಳ್ಳು ಹೇಳುವುದೇ? ಆ ದಿನ ನನಗೆ ಬಂದದ್ದು ಆ ಸಿಟ್ಟೊಂದೇ. ಅದೂ ಸಂಜೆಯ ತನಕ ಉಳಿಯಲಿಲ್ಲ.

ಹೂಳಲು ತೋಡಿದ ಕುಣಿಯ ಬದಿಯಲ್ಲಿ ನಿಂತು ನಾನು ಮಣ್ಣು ನೋಡುತ್ತಿದ್ದೆ. ಮೇಲೆ ಮೊಳದಷ್ಟು ಕಪ್ಪು ಎರೆ ಮಣ್ಣು, ಅದರ ಕೆಳಗೆ ಕೆಂಪು ಗರಸು. ಗರಸಿನಲ್ಲಿ ಅಲ್ಲಲ್ಲಿ ಹಸಿರು ಛಾಯೆಯ ಕಲ್ಲಿನ ಚೂರು. ಬಂಗಾರದ ಗಣಿಯ ಕಡೆಯಿಂದ ಮಸ್ಕಿಯ ತನಕ ಹರಿದು ಬರುವ ಕಪ್ಪು-ಹಸಿರು ಬಂಡೆಯ ಪಟ್ಟೆಯ ಕಲ್ಲು ಅದು. ಇದರಲ್ಲಿ ಕ್ರೋಮಿಯಂ ಹೆಚ್ಚಿರುತ್ತದೆ, ನಿಕ್ಕೆಲ್ ಹೆಚ್ಚಿರುತ್ತದೆ ಎಂದು ತಲೆಯಲ್ಲಿ ಓಡಿತು. ಮೂರು ಹಿಡಿ ಮಣ್ಣು ಹಾಕು ಎಂದರು. ಹಾಕಿದೆ.

ಹೆತ್ತವಳನ್ನು ಮಣ್ಣು ಮಾಡುವಾಗ ಕ್ರೋಮಿಯಂ ಯಾಕೆ ನೆನಪಾಯಿತು ಎಂಬುದಕ್ಕೆ ಕಾರಣ ಹೇಳಬೇಕು. ನಾನು ಕಲಿಸುವುದು ರಸಾಯನಶಾಸ್ತ್ರ. ರಜೆಗಳಲ್ಲಿ ಮಾಡುವುದು ಇನ್ನೊಂದು ಕೆಲಸ. ಮಸ್ಕಿಯ ಗುಡ್ಡದ ಸುತ್ತ ಹೊಲ ಉತ್ತರೆ ಸಾಕು, ಹಳೆಯ ಗಡಿಗೆಗಳ ಚೂರು ಮೇಲೆ ಬರುತ್ತವೆ. ಒಳಗೆ ಕಪ್ಪು, ಹೊರಗೆ ಕೆಂಪು, ಉಜ್ಜಿದ ನುಣುಪು. ಎರಡು ಸಾವಿರ ವರ್ಷಕ್ಕೂ ಹಳೆಯವು. ಅವನ್ನು ಇಲ್ಲೇ ಮಾಡಿದರೋ, ಹೊಳೆಯಾಚೆಯಿಂದ ಎತ್ತಿನ ಮೇಲೆ ಹೇರಿಕೊಂಡು ಬಂದರೋ ಎಂಬುದು ಒಬ್ಬ ಮೇಡಂ ಹಿಡಿದ ಪ್ರಶ್ನೆ. ದೂರದ ವಿಶ್ವವಿದ್ಯಾಲಯದವರು, ಲಿಂಗಸುಗೂರಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಪ್ರಯೋಗಾಲಯ ಮಾಡಿಕೊಂಡಿದ್ದರು. ಮಣ್ಣು ತಿಳಿದವರು ಬೇಕೆಂದರು, ನಾನು ಹೋದೆ.

ಕೆಲಸ ಕೇಳಲು ಸರಳ. ಒಂದೊಂದು ಕೆರೆಯ, ಹಳ್ಳದ ಜೇಡಿಯಲ್ಲಿ ಕೆಲವು ಮೂಲಧಾತುಗಳು ಒಂದೊಂದು ಪ್ರಮಾಣದಲ್ಲಿ ಇರುತ್ತವೆ. ಸುತ್ತಲಿನ ಬಂಡೆ ಕರಗಿ ಬಂದದ್ದೇ ಜೇಡಿ, ಹಾಗಾಗಿ ಬಂಡೆಯ ಗುಣ ಅದಕ್ಕೆ ಬಿಡುವುದಿಲ್ಲ. ಸುಟ್ಟರೂ ಹೋಗುವುದಿಲ್ಲ. ಬಣ್ಣ ಹೊಡೆಯುವ ಗನ್ನಿನಂಥ ಒಂದು ಎಕ್ಸ್‌ರೇ ಯಂತ್ರವಿದೆ. ಚೂರಿಗೆ ಹಿಡಿದರೆ ಯಾವುದು ಎಷ್ಟಿದೆ ಎಂದು ತೋರಿಸುತ್ತದೆ. ಊರೂರಿನ ಜೇಡಿಯನ್ನು ತಂದು, ಬಿಸ್ಕತ್ತಿನಷ್ಟು ಬಿಲ್ಲೆ ತಟ್ಟಿ, ಸುಟ್ಟು, ಅದಕ್ಕೂ ಹಿಡಿಯುವುದು. ಎರಡೂ ಹೊಂದಿದರೆ ಗಡಿಗೆಯ ಊರು ಸಿಕ್ಕಿತು.

ಸರಳ ಎಂದೆ, ಸುಲಭ ಎನ್ನಲಿಲ್ಲ. ಗುರುಗುಂಟಾದ ಕೆರೆಯಂಗಳದಲ್ಲಿ ಬಿಸಿಲಿಗೆ ನೆತ್ತಿ ಬಿರಿಯುವಂತೆ ಅಗೆದಿದ್ದೇವೆ. ಗೊರೇಬಾಳದಲ್ಲಂತೂ ಪೂರಾ ಏಮಾರಿದೆವು. ನೆಲ್ಲಿನ ಗದ್ದೆಯ ಬದುವಿನಲ್ಲಿ ಬೆಣ್ಣೆಯಂಥ ಜೇಡಿ ಸಿಕ್ಕಿತೆಂದು ಚೀಲ ತುಂಬಿಕೊಂಡು ಬಂದು, ಬಿಲ್ಲೆ ಮಾಡಿ, ಸುಟ್ಟು ನೋಡಿದರೆ ಅದು ಆ ಊರಿನ ಯಾವ ಬಂಡೆಗೂ ತಾಳೆಯಾಗದು. ಎರಡು ದಿನ ಯಂತ್ರವನ್ನೇ ಬೈದುಕೊಂಡೆವು. ಆಮೇಲೆ ಹೊಳೆಯಿತು. ಅದು ಕಾಲುವೆಯ ಹೂಳು. ಅಣೆಕಟ್ಟಿನಿಂದ ನೀರಿನ ಜೊತೆ ಬಂದು ಇಷ್ಟು ವರ್ಷದಿಂದ ಅಲ್ಲಿ ಕೂತಿದೆ. “ಗೊರೇಬಾಳದ ಮಣ್ಣು ಗೊರೇಬಾಳದ್ದೇ ಅಲ್ವಲ್ರೀ!” ಎಂದು ಮೇಡಂ ನಕ್ಕು ಚೀಲವನ್ನು ಹಿತ್ತಲಿಗೆ ಸುರಿದರು. ಮತ್ತೆ ಹೋಗಿ, ಹೂಳಿನ ಕೆಳಗಿನ ಹಳೆಯ ನೆಲ ಸಿಗುವ ತನಕ ಅಗೆದೆವು.

ಅವ್ವನ ದಿನಕರ್ಮಗಳು ಮುಗಿದ ಮೇಲೆ ನಾನು ಈ ಕೆಲಸಕ್ಕೆ ಮರಳಿದೆ. ಅಯ್ಯೋ ಪಾಪ ಎಂದವರಿಗೆ ತಲೆಯಾಡಿಸಿದೆ. ಉಂಡೆ, ಮಲಗಿದೆ, ಪಾಠ ಮಾಡಿದೆ. ಏನೂ ಆಗಿಲ್ಲವೆಂಬಂತೆ ಇದ್ದೆ ಅನ್ನುವುದು ಸರಿಯಲ್ಲ. ಆದದ್ದು ನನ್ನ ತನಕ ಬಂದಿರಲಿಲ್ಲ. ದವಾಖಾನೆಯಲ್ಲಿ ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದಾಗ ಕೆನ್ನೆ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ. ಒಂದು ವಿಷಯ ಮಾತ್ರ ಒಳಗೆ ಕುಟುಕುತ್ತಿತ್ತು. ಎಲ್ಲಿಯೋ ಒಂದು ಮನೆಯಲ್ಲಿ ಅವ್ವನ ಅಣ್ಣನೋ ತಂಗಿಯೋ, ಅವರ ಮಕ್ಕಳೋ ಇದ್ದಾರೆ. ಅವರ ಪಾಲಿಗೆ ಅವ್ವ ಇನ್ನೂ ಬದುಕಿದ್ದಾಳೆ. ಅವರ ಹೊಸ್ತಿಲಿನ ಹೊರಗೆ ನಿಂತು ನಾನು ಆ ಮಾತು ಹೇಳಬೇಕು. ಹೇಳಿದರೆ ಅವರು ಅಳುತ್ತಾರೆ, ಅವರನ್ನು ನೋಡಿ ನನಗೂ ಅಳು ಬಂದೀತು ಅಂದುಕೊಂಡಿದ್ದೆ.

ಒಂದು ದಿನ ಪ್ರಯೋಗಾಲಯದಲ್ಲಿ ಬಿಲ್ಲೆಗಳನ್ನು ಜೋಡಿಸುವಾಗ ಕೈ ನಿಂತಿತು. ಹಳೆಯ ಗಡಿಗೆಗಳು ಹೊರಗಿನವು ಎಂಬ ಗುಮಾನಿಯಿಂದ ಮೇಡಂ ತುಂಗಭದ್ರೆಯ ಆಚೆಯ ಊರುಗಳಿಂದಲೂ ಕೃಷ್ಣೆಯ ಆಚೆಯ ಊರುಗಳಿಂದಲೂ ಜೇಡಿ ತರಿಸಿದ್ದರು. ಹೊಳೆಯಾಚೆಯ ಮಣ್ಣೆಲ್ಲ ನನ್ನ ಮೇಜಿನ ಮೇಲೇ ಇತ್ತು. ಹೊಳೆಯಾಚೆಯ ಗಡಿಗೆ ನಮ್ಮ ಅಡುಗೆಮನೆಯಲ್ಲಿತ್ತು.

ಆ ವಾರ ಮಸ್ಕಿಗೆ ಹೋದವಳೇ ಗಡಿಗೆಯಲ್ಲಿದ್ದ ಉಪ್ಪನ್ನು ಡಬ್ಬಿಗೆ ಸುರಿಯತೊಡಗಿದೆ. ಅತ್ತೆ ಹಿತ್ತಲಿನಿಂದ ಬಂದು ನೋಡಿದಳು.

“ಏನ್ ಮಾಡಾಕತ್ತಿ ಬೇ?”

“ಲಿಂಗಸುಗೂರಿಗೆ ಒಯ್ತೀನಿ ಅತ್ತಿ. ಮಿಷನ್ನಿಗೆ ಹಿಡಿದ್ರ ಯಾವ ಊರಿನ ಮಣ್ಣು ಅಂತ ಗೊತ್ತಾಕ್ಕೈತಿ. ಅವ್ವನ ತವರು ಸಿಗತೈತಿ.”

“ಸಿಕ್ಕು ಏನಾಗಬೇಕಾಗೇತಿ?” ಎಂದಳು.

“ಸುದ್ದಿ ಹೇಳಬೇಕು.”

“ಸೀರಿ ಉಡಿಸಿ ಮಣ್ಣು ಮಾಡೇತಿ. ಇನ್ನೇನ್ ಸುದ್ದಿ?”

“ಅದು ನಿನ್ನ ಸೀರಿ ಅತ್ತಿ. ತವರಿಂದಲ್ಲ.” ಬಿರುಸಾಗಿಯೇ ಹೇಳಿದೆ.

ಅತ್ತೆ “ಒಡೀಬ್ಯಾಡ, ಜೋಕಿ” ಎಂದಷ್ಟೇ ಹೇಳಿ, ತನ್ನ ಹಳೆಯ ಕೌದಿಯ ತುಂಡೊಂದನ್ನು ತಂದು ಗಡಿಗೆಗೆ ಸುತ್ತಿಕೊಟ್ಟಳು.

ಬಸ್ಸಿನಲ್ಲಿ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. “ಏನ್ರಿ ಮೇಡಂ, ಮಗೂನಾ?” ಎಂದು ಕಂಡಕ್ಟರು ಬಗ್ಗಿ ನೋಡಿ, ಗಡಿಗೆ ಕಂಡು ಪೆಚ್ಚಾಗಿ ಟಿಕೇಟು ಹರಿದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಕಿಟಕಿಯ ಹೊರಗೆ ತೊಗರಿಯ ಹೊಲಗಳು ಹಿಂದೆ ಹೋಗುತ್ತಿದ್ದವು. ನಾನು ತಲೆಯಲ್ಲಿ ಊರುಗಳನ್ನು ಎಣಿಸುತ್ತಿದ್ದೆ. ತುಂಗಭದ್ರೆಯಾಚೆಯೇ ಇರಬೇಕು, ಸಿಟ್ಟು ಬಂದಾಗ ಅವ್ವನ ಬಾಯಲ್ಲಿ ತೆಲುಗು ಬರುತ್ತಿತ್ತು. ಮಂತ್ರಾಲಯದ ದಾರಿಯೋ, ಆದೋನಿಯ ಕಡೆಯೋ. ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂಬುದನ್ನೂ ಯೋಚಿಸಿಟ್ಟಿದ್ದೆ.

ಉಪ್ಪಿನ ಗಡಿಗೆಗೆ ಯಂತ್ರ ಹಿಡಿದರೆ ಮೊದಲು ಬರುವುದು ಉಪ್ಪೇ. ಇಷ್ಟು ವರ್ಷ ಉಪ್ಪು ಕುಡಿದು ಕುಡಿದು ಗಡಿಗೆಯ ಒಳಮೈ ಬಿಳಿ ಹುಡಿ ಉದುರಿಸುತ್ತಿತ್ತು. ಅದಕ್ಕೂ ಮೊದಲು ಅವ್ವ ಅದರಲ್ಲಿ ಮೊಸರು ಹೆಪ್ಪು ಹಾಕುತ್ತಿದ್ದಳಂತೆ, ಹಾಗಾಗಿ ಸುಣ್ಣ, ರಂಜಕ ಯಾವುದನ್ನೂ ನಂಬುವಂತಿಲ್ಲ. ಬಳಸಿದವರು ಸೇರಿಸಿದ್ದನ್ನು ಬಿಟ್ಟು, ಮಣ್ಣು ತಾನೇ ತಂದದ್ದನ್ನು ಹುಡುಕಬೇಕು. ಕ್ರೋಮಿಯಂ, ರುಬಿಡಿಯಂ, ಜಿರ್ಕೋನಿಯಂ, ಥೋರಿಯಂ. ಮೇಡಂ ಗಡಿಗೆಯನ್ನು ಬೋರಲು ಹಾಕಿ, ತಳದಲ್ಲಿ ಸಣ್ಣ ಬೈರಿಗೆಯಿಂದ ಒಂದು ಕುಳಿ ಕೊರೆದು, ಒಳಗಿನ ಹುಡಿ ತೆಗೆದು ಕೊಟ್ಟರು. ಗಡಿಗೆ ಯಾರದು ಎಂದು ಅವರಿಗೆ ಹೇಳಿದ್ದೆ. ಅವರು ತುಂಬ ಮೆಲ್ಲಗೆ ಕೊರೆದರು.

ಅಂಕಿಗಳು ಬಂದವು. ಅವನ್ನು ಚುಕ್ಕೆ ಮಾಡಿ ನಕ್ಷೆಯ ಮೇಲೆ ಇಡುವುದು ಕಂಪ್ಯೂಟರಿನ ಕೆಲಸ. ಒಂದೇ ಜೇಡಿಯವು ಒಂದೇ ಕಡೆ ಗುಂಪಾಗಿ ಕೂರುತ್ತವೆ. ಹೊಳೆಯಾಚೆಯ ಚುಕ್ಕೆಗಳು ಬಲಕ್ಕೆ, ಮೇಲೆ ಇದ್ದವು. ಅಲ್ಲಿಯದು ಗ್ರಾನೈಟ್ ಬಂಡೆ, ಅದರ ಮಣ್ಣಿನಲ್ಲಿ ರುಬಿಡಿಯಂ ಜಾಸ್ತಿ, ಕ್ರೋಮಿಯಂ ಕಡಿಮೆ. ಅವ್ವನ ಗಡಿಗೆಯ ಚುಕ್ಕೆಗೆ ನಾನು ಕೆಂಪು ಬಣ್ಣ ಕೊಟ್ಟಿದ್ದೆ. ಬಲಗಡೆಯೆಲ್ಲ ಹುಡುಕಿದೆ. ಕೆಂಪು ಇರಲಿಲ್ಲ.

ಅದು ಎಡಕ್ಕೆ, ಕೆಳಗೆ, ಮಸ್ಕಿಯ ಗುಂಪಿನ ನಟ್ಟ ನಡುವೆ ಕೂತಿತ್ತು.

ಹುಡಿ ಅದಲುಬದಲಾಗಿರಬೇಕೆಂದು ಮತ್ತೆ ತೆಗೆದು ನೋಡಿದೆ. ಗೊರೇಬಾಳದ ಹಾಗೆ ಎಲ್ಲೋ ಏಮಾರಿರಬೇಕೆಂದು ಮಸ್ಕಿಯ ಬಿಲ್ಲೆಗಳನ್ನೂ ಮತ್ತೆ ಓದಿಸಿದೆ. ಚುಕ್ಕೆ ಅಲುಗಲಿಲ್ಲ. ಹೋಲಿಕೆಗೆಂದು ನಮ್ಮೂರ ಕುಂಬಾರರ ಮನೆಯಿಂದ ತಂದ ಒಂದು ಒಡಕು ಗಡಿಗೆಯ ಚೂರು ಇತ್ತು. ಅವರು ಹಳ್ಳದ ಜೇಡಿಗೆ ಹಳ್ಳದ್ದೇ ನುಣ್ಣನೆಯ ಕೆಂಪು ಮರಳು ಬೆರೆಸುತ್ತಾರೆ. ಅವ್ವನ ಗಡಿಗೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದೇ ಮರಳು, ಅದೇ ಕಾಳು. ಮಣ್ಣೂ ಅದೇ, ಬೆರಕೆಯೂ ಅದೇ.

“ಇದು ನಿಮ್ಮೂರಿನದೇ ಕಣ್ರೀ” ಎಂದರು ಮೇಡಂ. ಪಾಪ, ಅವರಿಗೆ ಅವತ್ತು ಸಂತೋಷ ತಡೆಯಲು ಆಗುತ್ತಿರಲಿಲ್ಲ. ಅದೇ ನಕ್ಷೆಯಲ್ಲಿ ಹಳೆಯ ಕಪ್ಪು-ಕೆಂಪು ಚೂರುಗಳೂ ಹೆಚ್ಚಿನವು ಮಸ್ಕಿಯ ಗುಂಪಿಗೇ ಬಂದು ಕೂತಿದ್ದವು. ಹೊರಗಿನಿಂದ ಬಂದವಲ್ಲ, ಇಲ್ಲೇ ಮಾಡಿದವು. ಅಷ್ಟು ಹಿಂದಿನ ಕುಂಬಾರರೂ ಅದೇ ಹಳ್ಳಕ್ಕೆ ಬಗ್ಗಿ ಮಣ್ಣು ತೆಗೆದಿದ್ದರು. ಮೇಡಂ ಹುಡುಕಿದ್ದು ಸಿಕ್ಕಿತ್ತು, ಮುಖ ಅರಳಿತ್ತು. ನನ್ನನ್ನು ನೋಡಿ ಆ ಮುಖವನ್ನು ಮುಚ್ಚಿಕೊಳ್ಳಲು ಒದ್ದಾಡಿದರು. “ಹರಕತ್ತಿಲ್ಲ ಬಿಡ್ರಿ ಮೇಡಂ” ಎಂದು ಚಹಾ ಮಾಡಿ ಕೊಟ್ಟೆ. ನಾನೂ ಕುಡಿದೆ. ಸಕ್ಕರೆ ಹಾಕಲು ಮರೆತಿದ್ದೆನಂತೆ, ನನಗೆ ತಿಳಿಯಲಿಲ್ಲ.

ಹೊಳೆಯಾಚೆಯ ಹೊಸ್ತಿಲು ಇಲ್ಲವಾಯಿತು. ಇನ್ನು ಯಾವ ಬಸ್ಸನ್ನೂ ಹಿಡಿಯಬೇಕಾಗಿಲ್ಲ. ಅವ್ವ ನನಗೆ ಸುಳ್ಳು ಹೇಳಿದ್ದಳು. ಒಂದು ಸಲವಲ್ಲ, ಕೇಳಿದಾಗಲೆಲ್ಲ. ಅದಕ್ಕೂ ನನಗೆ ನೋವಾಗಬೇಕಿತ್ತು. ಗಡಿಗೆಯನ್ನು ಮತ್ತೆ ಕೌದಿಯಲ್ಲಿ ಸುತ್ತಿಕೊಂಡು ಮಸ್ಕಿಯ ಬಸ್ಸು ಹತ್ತಿದೆ.

ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನೀರು ತಂದು ಕೊಟ್ಟಳು. ನಾನು ತಂಬಿಗೆ ಹಿಡಿದುಕೊಂಡೇ ಹೇಳಿದೆ.

“ಗಡಿಗಿ ನಮ್ಮೂರದೇ ಐತಿ ಅತ್ತಿ. ನಮ್ಮ ಕುಂಬಾರರ ಮನೀದು.”

“ಮಿಷನ್ನು ಹೇಳ್ತೇನು?”

“ಹೂಂ.”

“ಶ್ಯಾಣ್ಯಾ ಮಿಷನ್ನು” ಎಂದಳು. ಗಡಿಗೆಯನ್ನು ಇಸಿದುಕೊಂಡು ಬೋರಲು ಮಾಡಿ, ತಳದ ಕುಳಿಯನ್ನು ಹೆಬ್ಬೆರಳಿನಿಂದ ಸವರಿದಳು. “ತೂತು ಮಾಡ್ಕೊಂಡು ಬಂದೀಯಲ್ಲ ಬೇ. ನನ್ನ ಕೇಳಿದ್ರ ಹೇಳ್ತಿದ್ದೆ.”

“ಕೇಳೀನಿ. ಸಣ್ಣಾಕಿ ಇದ್ದಾಗಿಂದ ಕೇಳೀನಿ.”

“ಖರೆ” ಎಂದು ಕೂತಳು. ಶೇಂಗಾದ ಸಿಪ್ಪೆಯನ್ನು ಒಂದು ಬದಿಗೆ ಸರಿಸಿ ಹೇಳಿದಳು.

“ನಿಮ್ಮಪ್ಪ ಸಿಂಧನೂರು ಕಡೆ ಕಾಲುವಿ ಕೆಲಸಕ್ಕ ಹೋಗಿದ್ದ. ಅಲ್ಲಿ ಮಣ್ಣು ಹೊರೋರದೊಂದು ತಂಡ ಬಂದಿತ್ತು, ಹೊಳಿ ಆಚೀಯಿಂದ. ಕೆಲಸ ಇದ್ದಲ್ಲಿ ಗುಡಸಲಾ ಹಾಕ್ಕೊಂಡಿರೋ ಮಂದಿ. ನಿಮ್ಮವ್ವ ಆ ತಂಡದಾಕಿ. ತಾಯಿ-ತಂದಿ ಇರಲಿಲ್ಲ, ಯಾರೋ ದೂರದವರು ಸಂಗಾಟ ಇಟ್ಕೊಂಡಿದ್ರು. ಕೆಲಸ ಮುಗೀತು, ತಂಡ ಎದ್ದು ಹೋತು. ಆಕಿ ನಿಮ್ಮಪ್ಪನ ಹಿಂದ ಬಂದ್ಲು. ಅವರು ಎಲ್ಲಿಗೆ ಹ್ವಾದ್ರು ಅಂತ ಆಕಿಗೂ ಗೊತ್ತಿಲ್ಲ.”

“ಗಡಿಗಿ?”

“ಊರ ಹೊರಗ ಹಳ್ಳದ ದಂಡಿಗೆ ಆಕಿನ್ನ ನಿಂದ್ರಿಸಿ ನಿಮ್ಮಪ್ಪ ನನ್ನ ಕರಿಯಾಕ ಬಂದ. ಹೋಗಿ ನೋಡಿದ್ರ ಖಾಲಿ ಕೈ. ಒಂದು ಗಂಟು ಸೈತ ಇಲ್ಲ. ಹಂಗೇ ಕರ್ಕೊಂಡು ಬಂದ್ರ ಓಣಿ ಮಂದಿ ಬಿಡ್ತಾರೇನು? ತವರಿಂದ ಏನ್ ತಂದಾಳ, ಏನ್ ತಂದಾಳ ಅಂತ ಸಾಯೋತನಕ ಕೇಳ್ತಾರ. ಕುಂಬಾರರ ಮನಿ ಅಲ್ಲೇ ಮಗ್ಗಲಕ್ಕಿತ್ತು. ಒಂದು ಗಡಿಗಿ ತಗೊಂಡು ಆಕಿ ಕೈಯಾಗ ಇಟ್ಟೆ. ಕೇಳಿದ್ರ ತವರಿಂದ ತಂದೀನಿ ಅನ್ನು ಅಂದೆ.”

ಅತ್ತೆ ಗಡಿಗೆಯನ್ನು ನೆಟ್ಟಗೆ ಮಾಡಿ ತನ್ನ ಮಗ್ಗುಲಿಗೆ ಇಟ್ಟುಕೊಂಡಳು.

“ಜನ್ಮಪೂರ್ತಿ ಅಂದ್ಲು ನೋಡು. ನಿನಗೂ ಹೇಳಬಾರ್ದು ಅಂತ ನನ್ನ ಕಡಿಂದ ಮಾತು ತಗೊಂಡಿದ್ಲು. ನನ್ನ ಮಗಳಿಗೆ ಅಜ್ಜಿ ಮನಿ ಇಲ್ಲ ಅನ್ನಿಸಬಾರ್ದು ಅಂತಿದ್ಲು. ಎಲ್ಲೋ ಒಂದು ಕಡಿ ಐತಿ ಅಂತ ಇರ್ಲಿ, ಕಾಣದಿದ್ರೂ ಹರಕತ್ತಿಲ್ಲ ಅಂತ.”

“ಸೀರಿ ನೀನ್ಯಾಕ ಹಾಕಿದಿ?” ಎಂದೆ. ಅದು ಯಾಕೆ ಎಂದು ಆಗಲೇ ತಿಳಿದುಹೋಗಿತ್ತು, ಆದರೂ ಕೇಳಿದೆ.

ಅವಳು ಎಂದಿನ ಬಿರುಸಿನಲ್ಲೇ ನನ್ನನ್ನು ನೋಡಿದಳು. “ಗಡಿಗಿ ಕೊಟ್ಟಾಕಿ ನಾನು. ಸೀರಿ ಮತ್ಯಾರು ಕೊಡಬೇಕಿತ್ತು?”

ತಂಬಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಒಂದು ಗುಟುಕೂ ಕುಡಿದಿರಲಿಲ್ಲ. ಅದನ್ನು ನೆಲಕ್ಕಿಟ್ಟು ಎದ್ದೆ.

“ಎಲ್ಲಿಗೆ ಹೊಂಟಿ? ಸಿಟ್ಟು ಬಂತೇನು?” ಎಂದಳು ಅತ್ತೆ.

ನಾನು ಹೊಸ್ತಿಲು ದಾಟಿ ಹೊರಗೆ ಹೋದೆ. ಕಟ್ಟೆಯ ಕೆಳಗೆ ಇಳಿದು, ತಿರುಗಿ, ಬಾಗಿಲಿಗೆ ಮುಖ ಮಾಡಿ ನಿಂತೆ. ಎದುರು ಮನೆಯ ಹೆಂಗಸು ಕಸ ಗುಡಿಸುವುದನ್ನು ನಿಲ್ಲಿಸಿ ನೋಡಿದಳು. ಅತ್ತೆ ಚೌಕಟ್ಟು ಹಿಡಿದುಕೊಂಡು ಬಾಗಿಲಿಗೆ ಬಂದಳು. ಏನಾಗಿದೆ ಇವಳಿಗೆ ಎಂಬಂತಿತ್ತು ಮುಖ.

“ನಿಮ್ಮ ಮಗಳು ಹೋಗ್ಯಾಳ” ಎಂದೆ.

ಅವ್ವನ ಉಸಿರು ನಿಂತದ್ದನ್ನು ಮೊದಲು ಕಂಡವಳು ಅತ್ತೆ. ಗದ್ದಕ್ಕೆ ಬಟ್ಟೆ ಕಟ್ಟಿದವಳು, ಮೈಗೆ ನೀರು ಹಾಕಿದವಳು, ಬಂದವರನ್ನೆಲ್ಲ ಸುಧಾರಿಸಿದವಳು ಅವಳು. ಅಷ್ಟು ದಿನವೂ ಅವಳ ಕಣ್ಣಲ್ಲಿ ಹನಿ ಕಂಡಿರಲಿಲ್ಲ. ಅವಳಿಗೂ ಯಾರೂ ಬಂದು ಹೇಳಿರಲಿಲ್ಲ.

ಚೌಕಟ್ಟು ಹಿಡಿದುಕೊಂಡೇ ಮೆಲ್ಲಗೆ ಹೊಸ್ತಿಲ ಒಳಗೆ ಕೂತಳು.

“ಯಾವಾಗ?” ಎಂದು ಕೇಳಿದಳು.

“ಮಧ್ಯಾಹ್ನ. ಉಂಡು ಮಲಗಿದಾಕಿ ಏಳಲಿಲ್ಲ.”

ಆಗ ಅವಳು ಅತ್ತಳು. ಮಗಳನ್ನು ಕಳೆದುಕೊಂಡ ತವರಿನವರು ಅಳುವ ಹಾಗೆ, ಓಣಿಗೆಲ್ಲ ಕೇಳುವ ಹಾಗೆ, ಎದೆ ಬಡಿದುಕೊಂಡು ಅತ್ತಳು. ಕೆಳಗೆ ನಿಂತಿದ್ದ ನನಗೂ ಅಳು ಬಂತು. ತಡೆಯಲು ನೋಡಲಿಲ್ಲ.

ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಒಳಗ ಬಾ ಯವ್ವಾ. ಕಾಲು ತೊಳ್ಕೋ” ಎಂದಳು. ನಾನು ಕಾಲು ತೊಳೆದುಕೊಂಡು ಒಳಗೆ ಹೋಗಿ, ತಂಬಿಗೆಯ ನೀರು ಕುಡಿದೆ.